ನೊರೆಯ ಕೆಳಗಿನ ಮಚ್ಚೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಕ್ಷೌರದಂಗಡಿಗಳ ಬಾಂಧವರೇ, ಭಾಷಣ ಉದ್ದವಾದರೆ ಜಾರಿಕೊಳ್ಳಲೆಂದು ಬಾಗಿಲ ಬಳಿಯೇ ಕುಳಿತಿರುವ ಜಾಣ ಸಭಿಕರೇ,

ರೋಗವನ್ನು ಎದುರಿಸಿದ ಧೈರ್ಯಕ್ಕಾಗಿ ನೀವಿಂದು ಸನ್ಮಾನಿಸಿದ್ದು ನನ್ನ ಹೆಂಡತಿಯ ತಮ್ಮನನ್ನು. ಮಾತಾಡು ಎಂದರೆ ಅವನು ನೆಲ ನೋಡುತ್ತಾನೆ. ಅವನ ಪಾಲಿನ ಮಾತನ್ನೂ ಭಾವನಾದ ನಾನೇ ಆಡಿಬಿಡುತ್ತೇನೆ.

ಅವನಿಗೆ ಸ್ಕಿಜೋಫ್ರೇನಿಯಾ, ಇಲ್ಲದ ದನಿಗಳು ಕೇಳಿಸುವ ಮನಸ್ಸಿನ ಕಾಯಿಲೆ. ಮನೆಯಲ್ಲಿ ಪಿಸುಗುಟ್ಟಿ ಸಾಕಾಗಿದೆ, ಮೈಕಿನಲ್ಲೇ ಹೇಳುತ್ತೇನೆ. ಆಸ್ಪತ್ರೆಯಿಂದ ಬಂದಾಗ ಕಿವಿಯೊಳಗಿನ ದನಿಗಳು ತಗ್ಗಿದ್ದವು, ನೆನಪು ಮಾತ್ರ ಕೈಕೊಟ್ಟಿತ್ತು. ನನ್ನವಳು ಎದುರು ಕೂತು ಪರೀಕ್ಷೆ ಶುರುಮಾಡಿದಳು.

"ಭಾವನಿಗೆ ವಾರವಾರ ಗಡ್ಡ ಮಾಡ್ತಿದ್ದೆಯಲ್ಲೋ, ನೆನಪಿಲ್ವಾ?"

"ಇಲ್ಲ ಅಕ್ಕ. ಅವ್ರಿಗೆ ನಾನು ಮಾಡೇ ಇಲ್ಲ."

ಅವಳು ಅಡುಗೆಮನೆಗೆ ಹೋಗಿ ಅತ್ತಳು. ಕೇಳಿದಷ್ಟೂ ಅವನು ಮುದುಡಿದ. ಕೊನೆಗೆ ವೈದ್ಯರೇ ತಡೆದರು: "ಕೇಳ್ಬೇಡಿ ಅಮ್ಮ. ಕೇಳಿದ್ರೆ ಬರದೇ ಇದ್ದದ್ದು ಕೆಲವರಿಗೆ ಕೆಲಸಕ್ಕೆ ನಿಂತ್ರೆ ಬರುತ್ತೆ. ಕೈ ಕಲ್ತದ್ದು ಎಷ್ಟೋ ಸಲ ಉಳಿದಿರುತ್ತೆ."

ಆದರೆ ನಮ್ಮ ಈ ಕ್ಷೌರಿಕರ ಸಂಘದಲ್ಲಿ ಏನು ತೀರ್ಮಾನವಾಯಿತು? ಹುಡುಗ ಮೊದಲು ಕ್ಷೌರ ಮಾಡುತ್ತಿದ್ದ ಅಂಗಡಿಗೇ ಬರಲಿ, ಕಸ ಗುಡಿಸಲಿ, ಕತ್ತಿ ಮಾತ್ರ ಮುಟ್ಟಬಾರದು. ತಪ್ಪೆನ್ನುವುದಿಲ್ಲ. ಆದರೆ ಕತ್ತಿ ಮುಟ್ಟದ ಕ್ಷೌರಿಕ ಬದುಕುವುದಾದರೂ ಹೇಗೆ, ಸ್ವಾಮಿ?

ವೈದ್ಯರು ಒಪ್ಪಿದ ಮೇಲೆ ಮನೆಯಲ್ಲಿ ನಾನೇ ಅವನ ಮುಂದೆ ಕುಳಿತೆ. ಹೆದರಿಕೆಯೇ? ಛೆ, ಎಳ್ಳಷ್ಟೂ ಇರಲಿಲ್ಲ. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದ್ದೆ, ಅಷ್ಟೆ. ಹೆಂಡತಿಯ ಕೈಯನ್ನು ಅವಳಿಗೆ ನೋಯುವಷ್ಟು ಹಿಡಿದಿದ್ದೆನಂತೆ.

ಅವನು ಬ್ರಷ್ ನೆನೆಸಿ ಮುಖವೆಲ್ಲ ನೊರೆ ಮಾಡಿದ. ಹೆಬ್ಬೆರಳಿನಿಂದ ಕೆನ್ನೆ ಎಳೆದು ಕತ್ತಿ ಇಳಿಸಿದ. ನನ್ನ ದವಡೆಯ ಕೆಳಗೆ ಉಬ್ಬಿದ ಮಚ್ಚೆಯಿದೆ. ಹೊಸ ಕೈಯಾದರೆ ರಕ್ತ ಖಂಡಿತ. ನೊರೆಯಲ್ಲಿ ಅದು ಮುಚ್ಚಿಹೋಗಿತ್ತು, ಕತ್ತಿ ಆಡುವಾಗ ಬಾಯಿ ತೆರೆದು ಹೇಳುವಂತೆಯೂ ಇರಲಿಲ್ಲ. ಕತ್ತಿ ಅಲ್ಲಿಗೆ ಬಂತು, ನಿಂತಿತು, ಮೆಲ್ಲಗೆ ಸುತ್ತುಹಾಕಿ ಮುಂದೆ ಹೋಯಿತು.

"ಅಲ್ಲಿ ಮಚ್ಚೆ ಇದೆ ಅಂತ ನಿಂಗೆ ಯಾರು ಹೇಳಿದ್ರೋ?"

"ಎಲ್ಲಿ ಭಾವ?" ಎಂದ.

ಅವನಿಗೆ ಗೊತ್ತಿಲ್ಲ, ಅವನ ಕೈಗೆ ಗೊತ್ತು. ಆ ಕೈಯ ಮೇಲೆ ನನಗೆ ಎಷ್ಟು ಗೌರವವೆಂದು ಹೇಳಲು ಬರುವುದಿಲ್ಲ. ನನ್ನವಳು ಅಂದಿನಿಂದ ಪರೀಕ್ಷೆ ನಿಲ್ಲಿಸಿದ್ದಾಳೆ.

ನೀವು ಚಪ್ಪಾಳೆ ತಟ್ಟಿದಿರಿ, ಬಹಳ ಸಂತೋಷ. ಆದರೆ ಅವನು ಅಂಗಡಿಯಲ್ಲಿ ಇಂದಿಗೂ ಕಸವನ್ನೇ ಗುಡಿಸುತ್ತಿದ್ದಾನೆ. ನನ್ನದೊಂದು ಗಡ್ಡದಿಂದ ಅವನ ಬದುಕು ನಡೆಯುವುದಿಲ್ಲ. ಅಧ್ಯಕ್ಷರೇ, ಅವನ ಸಾಮಾನು ನನ್ನ ಚೀಲದಲ್ಲಿದೆ. ನೀವು ಕುಳಿತ ಕುರ್ಚಿಯೂ ಗಟ್ಟಿಯಾಗಿದೆ. ನಿಮ್ಮ ಗಡ್ಡ ನೋಡಿದರೆ ನಿನ್ನೆಯದೇ. ಈಗ, ಇಲ್ಲೇ, ಎಲ್ಲರ ಎದುರು ಕೂರುತ್ತೀರಾ?

ಸಭಿಕರೇ, ಸ್ವಲ್ಪ ಸದ್ದು ನಿಲ್ಲಿಸಿ. ಅಧ್ಯಕ್ಷರು ಕನ್ನಡಕ ತೆಗೆದು ಪಕ್ಕದವರ ಕೈಗೆ ಕೊಡುತ್ತಿದ್ದಾರೆ. ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿದ್ದಾರೆ.

ಏಳೋ, ಬಾ. ನನ್ನ ಮಾತು ಮುಗಿಯಿತು. ಕೇಳಿದ ನಿಮಗೆಲ್ಲ, ಮುಖ್ಯವಾಗಿ ಕುರ್ಚಿಯಲ್ಲಿರುವವರಿಗೆ, ನನ್ನ ಕೃತಜ್ಞತೆ. ನಮಸ್ಕಾರ.