ಬಾಲ್ಕನಿಯ ಹಾವಸೆ, ಬಾಲ್ಕನಿಯ ಪಿಕಳಾರ

ಮಾನ್ಯ ಅಧ್ಯಕ್ಷರಾದ ಶ್ರೀಕಂಠಯ್ಯನವರೇ, ವೇದಿಕೆಯ ಮೇಲಿರುವ ಹಿರಿಯರೇ, ಊಟದ ಪರಿಮಳ ಬಂದರೂ ಕುರ್ಚಿ ಬಿಡದ ಸಭಿಕರೇ,

ಇಪ್ಪತ್ತೇಳು ವರ್ಷ ದುಬೈಯ ಎ.ಸಿ.ಗಳ ಸೋರಿಕೆ ನಿಲ್ಲಿಸಿದವನೆಂದು ನನಗೆ ಶಾಲು ಹೊದಿಸಿದ್ದೀರಿ. ಸಂತೋಷ. ಆದರೆ ಒಂದು ಸೋರಿಕೆಯನ್ನು ಈ ಸೇಸಪ್ಪನೇ ಕೈಯಾರೆ ಮಾಡಿದ್ದಾನೆ. ಅದನ್ನು ಹೇಳದೆ ಶಾಲು ಒಯ್ಯಲು ಮನಸ್ಸು ಒಪ್ಪುತ್ತಿಲ್ಲ.

ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿರುವ ನಮ್ಮ ಕಂಪನಿ ಫ್ಲಾಟಿನ ಬಾಲ್ಕನಿಯಲ್ಲಿ ಎ.ಸಿ. ಪೈಪಿನಿಂದ ಹನಿ ಬೀಳುತ್ತಿತ್ತು. ಹನಿಯ ಕೆಳಗೆ ಅಂಗೈಯಗಲ ಹಾವಸೆ. ಆ ನೀರು ಕುಡಿಯಲು ಬಿಳಿಗೆನ್ನೆಯ ಪಿಕಳಾರದ ಜೋಡಿ, ಬುಲ್‌ಬುಲ್ ಎಂದರೆ ಎಲ್ಲರಿಗೂ ಗೊತ್ತಾದೀತು, ದಿನಾ ಬಂದು ಹಾಡುತ್ತಿತ್ತು. ಎ.ಸಿ. ಸರಿಮಾಡುವವನ ಮನೆಯಲ್ಲೇ ಸೋರಿಕೆಯೇ? ಕಳೆದ ಜೂನ್‌ನಲ್ಲಿ ಒಂದು ರಜೆಯ ದಿನ ಪೈಪಿನ ಜಾಯಿಂಟ್ ಬಿಗಿಮಾಡಿ ಖಲಾಸ್ ಅಂದೆ.

ನಾಲ್ಕೇ ದಿನದಲ್ಲಿ ಹಾವಸೆ ಒಣಗಿ ಕಪ್ಪಾಯಿತು, ಹಕ್ಕಿ ನಾಪತ್ತೆ. ನನ್ನ ಹೆಂಡತಿ ಲೋಲಾಕ್ಷಿ ಚಾ ಲೋಟ ಕುಕ್ಕಿದಳು.

“ಎಂಥ ಮಾಡಿದ್ದು ಮಾರಾಯ್ರೆ ನೀವು? ಬೆಳಿಗ್ಗೆ ಆರಕ್ಕೆ ಹೋದ್ರೆ ಕತ್ತಲಾದ ಮೇಲೆ ಬರುವುದು. ನನಗೆ ಮಾತಾಡ್ಲಿಕ್ಕೆ ಇದ್ದದ್ದು ಅದೊಂದೇ!”

ಹನ್ನೊಂದು ವರ್ಷದಿಂದ ಅವಳು ಆ ಫ್ಲಾಟಿನಲ್ಲಿದ್ದಾಳೆ. ಹಗಲು ನಿನ್ನೊಡನೆ ಮಾತಾಡುವವರು ಯಾರು ಎಂದು ನಾನು ಒಮ್ಮೆಯಾದರೂ ಕೇಳಿದ್ದೆನೇ? ಇಲ್ಲ. ನಾಚಿಕೆಯಾಯಿತು. ಸ್ಪ್ಯಾನರ್ ತಂದು ಅದೇ ಜಾಯಿಂಟ್ ಸಡಿಲಿಸಿದೆ.

ಆಮೇಲೆ ಹಿಡಿಯಿತು ನೋಡಿ ಕುತೂಹಲ! ಸತ್ತೇಹೋಯಿತು ಎಂದುಕೊಂಡಿದ್ದ ಹಾವಸೆ ಹತ್ತು ನಿಮಿಷದಲ್ಲಿ ಹಸಿರಾಯಿತು, ಗಡಿಯಾರ ಹಿಡಿದು ನೋಡಿದ್ದೇನೆ. ಹಕ್ಕಿಗೆ ಹತ್ತೊಂಬತ್ತು ದಿನ ಬೇಕಾಯಿತು. ಹಾವಸೆ ಎಲ್ಲಿಗೂ ಹೋಗಲಾರದು, ಒಣಗಿಕೊಂಡೇ ಕಾಯುತ್ತದೆ. ಹಕ್ಕಿ ಕಾಯಲಾರದು, ಬೇರೆ ಕಡೆ ನೀರು ಹುಡುಕುತ್ತದೆ. ಹಾಗಾದರೆ ಮರಳಿ ಇಲ್ಲಿಗೇ ಏಕೆ ಬಂತು? ಹನಿ ಬೀಳುತ್ತಿದೆಯೆಂದು ಅದಕ್ಕೆ ಹೇಳಿದವರು ಯಾರು? ನನಗಂತೂ ತಿಳಿಯದು. ಇನ್ನು ಲೋಲಾಕ್ಷಿಯ ಸಿಟ್ಟು ಇಳಿಯಲು ಎಷ್ಟು ದಿನ ಬೇಕಾಯಿತು? ಹೇಳಬೇಡಿ ಎಂದು ಮುಂದಿನ ಸಾಲಿನಿಂದ ಕಣ್ಣು ಬಿಡುತ್ತಿದ್ದಾಳೆ.

ಶುಕ್ರವಾರ ನಾವು ದುಬೈ ಬಿಟ್ಟು ಊರಿಗೆ ಹೊರಡಬೇಕು. ಅವಳಿನ್ನೂ ಪೆಟ್ಟಿಗೆ ಕಟ್ಟಿಲ್ಲ. “ಹಕ್ಕಿಗೆ ನೀರು ಯಾರು ಇಡ್ತಾರೆ?” ಎಂದು ಒಂದೇ ಪ್ರಶ್ನೆ. ನಮ್ಮ ನಂತರ ಆ ಫ್ಲಾಟಿಗೆ ಬರುವವನು ನನ್ನ ಶಿಷ್ಯ ರಂಜಿತ್. ಸೋರಿಕೆ ಕಂಡರೆ ಬಿಡಬೇಡ ಎಂದು ಅವನಿಗೆ ಕಲಿಸಿದವನೂ ನಾನೇ, ಗ್ರಹಚಾರ ನೋಡಿ!

ರಂಜಿತ್, ಎಲ್ಲರೆದುರು ಕೇಳುತ್ತಿದ್ದೇನೆ. ಆ ಒಂದು ಜಾಯಿಂಟ್ ಮುಟ್ಟಬೇಡ ಮಾರಾಯ. ನೆಲ ಒದ್ದೆಯಾದರೆ ಒರೆಸಿಕೋ. ಆಯ್ತಾ? ತಲೆಯಾಡಿಸಿದ, ನೀವೆಲ್ಲ ಸಾಕ್ಷಿ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ. ಲೋಲಾಕ್ಷೀ, ನೋಡಿದೆಯಲ್ಲ? ಇನ್ನು ಪೆಟ್ಟಿಗೆ ಕಟ್ಟು.