ಹತ್ತನೇ ಪಾದ

ದೀಪ ಸಣ್ಣ ಮಾಡಬೇಡ್ರೀ, ಹಾಗೇ ಇರಲಿ. ಇದು ನಮ್ಮ ನೀಲಾಂಬಿಕತ್ತೆಯ ಗಂಡ ಲೋಕಪ್ಪ ಗೌಡ್ರಿಗೆ ಆಗಿದ್ದು. ಐವತ್ತೆಂಟನೇ ಇಸವಿ. ನಗೋದಿದ್ರೆ ಈಗಲೇ ನಕ್ಕು ಮುಗಿಸ್ಕೊಳ್ಳಿ, ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗ್ತೀನಿ.

ತಾಳಗುಂದದ ಆಚೆ ಅವರ ಊರು. ಅವರಿಗೆ ಗೌಡಿಕೆ ಅಂದ್ರೆ ಪ್ರಾಣ. ತಲೆ ಮೇಲಿನ ರುಮಾಲನ್ನ ದೇವರೆದುರಿಗೂ ತೆಗೆದವರಲ್ಲ. ಆ ವರ್ಷ ಡಾಕ್ಟ್ರು "ಎದೆ ಸೋತಿದೆ, ಹುಷಾರು" ಅಂದಿದ್ದೇ ತಡ, ಹೊಲದ ಬಾವಿ ಪಕ್ಕ, ಆಲದ ಮರದ ಕೆಳಗೆ, ತಮ್ಮ ಸಮಾಧಿ ತಾವೇ ತೋಡಿಸೋಕೆ ನಿಂತರು. ಸಾವಿಗೆ ಹೆದರಿದ್ರು, ಸುಳ್ಳಲ್ಲ. ಸತ್ತ ಮೇಲೆ ಹತ್ತರ ಜೊತೆ ಹನ್ನೊಂದಾಗಿಬಿಡ್ತೀನಲ್ಲ ಅಂತ ಅದಕ್ಕಿಂತ ಹೆಚ್ಚು ಹೆದರಿದ್ರು.

ನಮ್ಮಲ್ಲಿ ಸುಡೋದಿಲ್ಲ, ಕೂರಿಸಿ ಮಣ್ಣು ಮಾಡೋದು. ಗುಂಡಿಯ ಉದ್ದಕ್ಕೆ ಅವರವರ ಪಾದವೇ ಅಳತೆ. ಒಂಬತ್ತು ಪಾದ. ಸ್ವಾಮಿಗಳಿಗೂ ಅಷ್ಟೇ, ಕೂಲಿಯವನಿಗೂ ಅಷ್ಟೇ. ಊರಲ್ಲಿ ಗುಂಡಿ ತೋಡೋನು ಗುತ್ಯಪ್ಪ. ಗೌಡ್ರ ಅಂಗಾಲಿನುದ್ದಕ್ಕೆ ಕಡ್ಡಿ ಮುರಿದು, ಒಂಬತ್ತು ಹಾಕಿ ನಿಲ್ಲಿಸಿದ.

"ಇನ್ನೊಂದು ಹಾಕು."

"ಆಗೋದಿಲ್ಲ ಗೌಡ್ರೇ. ಒಂಬತ್ತು ದಾಟಿದ್ರೆ ಕೂತವರಿಗೆ ನೆಲೆ ಸಿಗೋದಿಲ್ಲ."

"ನಿನಗೂ ನನಗೂ ಒಂದೇ ಅಳತೆಯೇನೋ?"

"ಹೌದ್ರೀ."

ಅಷ್ಟಕ್ಕೇ ಅವನಿಗೆ ಊರು ಬಿಡಿಸಿದ್ರು. ಪಾಪ, ಸಂಸಾರ ಕಟ್ಕೊಂಡು ಚಂದ್ರಗುತ್ತಿಗೆ ಹೋದ. ಇವರು ಬೇರೆಯವರ ಕೈಲಿ ಹತ್ತು ಪಾದ ತೋಡಿಸಿ, ಇಳಿಯೋಕೆ ಮೆಟ್ಟಿಲು ಮಾಡಿಸಿ, ಸುತ್ತ ಚಪ್ಪಡಿ ಕಲ್ಲು ನಿಲ್ಲಿಸಿದ್ರು.

ಎರಡು ತಿಂಗಳಾಗಿತ್ತು. ಒಂದು ರಾತ್ರಿ ಶಿಕಾರಿಪುರದ ಕಡೇ ಬಸ್ಸಿಳಿದು ಒಬ್ಬರೇ ನಡ್ಕೊಂಡು ಬರ್ತಿದ್ರು. ಬಾವಿ ಹತ್ತಿರ ಬಂದಾಗ... ಥಪ್.

ನಿಂತ್ರು.

ಥಪ್... ಥಪ್... ಬರಿಗಾಲು ಹಸಿ ಮಣ್ಣಿಗೆ ಊರೋ ಸದ್ದು. ಒಂಬತ್ತು ಸಲ. ಆಮೇಲೆ ಯಾರೋ ಉಸಿರು ಬಿಟ್ಟಂಗಾಯ್ತು. ಮತ್ತೆ ಮೊದಲಿಂದ... ಥಪ್.

ಸದ್ದು ಬರ್ತಿದ್ದಿದ್ದು ಅವರ ಗುಂಡಿಯಿಂದ.

ಬ್ಯಾಟರಿ ಹಾಕಿ ನೋಡ್ತಾರೆ, ಗುತ್ಯಪ್ಪ. ಈ ಕಡೆ ಬೆನ್ನು ಮಾಡಿ, ಹೆಬ್ಬೆರಳಿಗೆ ಹಿಮ್ಮಡಿ ಸೇರಿಸಿ ಅಳೀತಿದ್ದ.

"ಯಾವಾಗ ಬಂದ್ಯೋ?" ಗೌಡ್ರು ಕೇಳಿದ್ರು.

"ಈಗಲೇ... ಒಂದು ಪಾದ ಹೆಚ್ಚು ಬರ್ತಿದೆ ಗೌಡ್ರೇ. ಇಳೀರಿ. ಕೂತು ನೋಡಿ."

ಓಡಬೇಕು ಅಂದ್ಕೊಂಡ್ರಂತೆ. ಕಾಲು ಕೇಳಲಿಲ್ಲ, ಮೆಟ್ಟಿಲು ಇಳಿದುಬಿಟ್ಟವು. ಕೂತರು. ಒರಗೋಣ ಅಂತ ಹಿಂದೆ ಸರಿದ್ರು, ಕಲ್ಲು ಸಿಗಲಿಲ್ಲ. ಇನ್ನೂ ಸರಿದ್ರು... ಇಲ್ಲ. ಬೆನ್ನ ಹಿಂದೆ ಬರೀ ತಣ್ಣನೆ ಗಾಳಿ. ಕೈ ಚಾಚಿದ್ರೂ ಏನೂ ತಾಗಲಿಲ್ಲ.

"ಹಿಡ್ಕೊಳ್ಳೋ," ಪಿಸುಗುಟ್ಟಿದ್ರು.

"ಯಾರನ್ನ?"

"ನನ್ನ ಕಣೋ... ಗೌಡನ್ನ."

"ಗೌಡ್ರು ಕೂರೋ ಜಾಗ ಅಲ್ರೀ ಇದು. ಗೌಡಿಕೇನ ಮೇಲಿಟ್ಟು ಕೂರಬೇಕು."

ರುಮಾಲು ತೆಗೆದು ಗುಂಡಿಯ ಅಂಚಿಗಿಟ್ಟರು. ಕೊರಳಲ್ಲಿದ್ದ ಲಿಂಗ ಬಿಚ್ಚಿ ಎಡಗೈಯಲ್ಲಿ ಹಿಡ್ಕೊಂಡ್ರು, ಸತ್ತವರನ್ನ ಕೂರಿಸ್ತೀವಲ್ಲ, ಹಾಗೇ. ಕಣ್ಣಲ್ಲಿ ನೀರು ಬಂತು.

"ತಪ್ಪಾಯ್ತು ಗುತ್ಯಪ್ಪ. ನಂದೂ ಒಂಬತ್ತೇ."

ಆಗ... ಗರ್‌ರ್ ಅಂತ ಕಲ್ಲಿಗೆ ಕಲ್ಲು ಉಜ್ಜಿದ ಸದ್ದು. ಬೆನ್ನಿಗೆ ಚಪ್ಪಡಿ ತಾಗಿತು. ಒರಗಿದ್ರು. ಸಾವು ಅಂದ್ರೆ ಇಷ್ಟೇನಾ, ಇದಕ್ಕಾ ನಾನು ಹೆದರಿದ್ದು ಅನ್ನಿಸ್ತಂತೆ. ಹಾಗೇ ನಿದ್ದೆ ಹೋದ್ರು.

ಬೆಳಗ್ಗೆ ನೀಲಾಂಬಿಕತ್ತೆ ಹುಡುಕ್ಕೊಂಡು ಬಂದು, ಗುಂಡೀಲಿ ಬರಿತಲೇಲಿ ಕೂತ ಗಂಡನ್ನ ಕಂಡು ಕುಸಿದುಬಿದ್ಲು. ಮೈ ಬೆಚ್ಚಗಿತ್ತು, ಸದ್ಯ. ಎಬ್ಬಿಸಿ ಮೇಲೆ ತರೋ ಹೊತ್ತಿಗೆ ಚಂದ್ರಗುತ್ತಿಯಿಂದ ಗುತ್ಯಪ್ಪನ ಅಳಿಯ ಬಂದ.

"ಮಾವ ನಿನ್ನೆ ದೀಪ ಹಚ್ಚೋ ಹೊತ್ತಿಗೆ ತೀರ್ಕೊಂಡ್ರು. ಹುಟ್ಟಿದೂರಲ್ಲೇ ಮಣ್ಣು ಮಾಡಿ ಅಂದಿದ್ರು. ಗಾಡಿ ಹಿಂದೆ ಬರ್ತಿದೆ... ಜಾಗ ಕೊಡ್ತೀರೇನ್ರೀ ಗೌಡ್ರೇ?"

ಗೌಡ್ರು ಅವನ ಕೈ ಹಿಡ್ಕೊಂಡ್ರು. "ತೋಡೇ ಇಟ್ಟಿದೀನಪ್ಪ. ಅದು ಅವನದೇ."

ಹೆಗಲೂ ಕೊಟ್ಟರು, ಎದೆ ಸೋತಿದೆ ಅಂತ ಆಗ ಅವರ ಮನೇಲೇ ಇದ್ದ ನಾವು ಬೇಡ ಬೇಡ ಅಂದ್ರೂ ಕೇಳದೆ. ಆಮೇಲೆ ಮೂರು ವರ್ಷ ಬದುಕಿದ್ರು, ರುಮಾಲು ಸುತ್ತಲಿಲ್ಲ. ಈಗ ಗುತ್ಯಪ್ಪನ ಪಕ್ಕದಲ್ಲೇ ಇದ್ದಾರೆ, ಒಂಬತ್ತೇ ಪಾದದಲ್ಲಿ.

ಅವತ್ತು ಗುತ್ಯಪ್ಪನ ಪಾದದ ಕಡ್ಡಿ ಹಿಡ್ಕೊಂಡು ಗುಂಡಿಗಿಳಿದವನು ನಾನೇ. ಗೌಡ್ರ ಪಾದದಲ್ಲಿ ಹತ್ತು ಬರ್ತಿದ್ದ ಗುಂಡಿ, ಆ ಗಿಡ್ಡ ಮನುಷ್ಯನ ಪಾದದಲ್ಲಿ ಒಂಬತ್ತಕ್ಕೆ ಸರಿಯಾಗಿ ನಿಂತಿತು. ಹಿಂದಿನ ಚಪ್ಪಡಿ ಒಳಗೆ ಬಂದಿತ್ತು. ನಾಲ್ಕು ಜನ ನೂಕಿದ್ರೂ ಅಲ್ಲಾಡಲಿಲ್ಲ. ಕಲ್ಲಿನ ಸಂದಿಯಲ್ಲಿ ಕೈ ಹಾಕಿ ನೋಡಿದೆ. ಹೊಸದಾಗಿ ತುಂಬಿದ್ರೆ ಮಣ್ಣು ಸಡಿಲ ಇರಬೇಕಲ್ರೀ? ಗಟ್ಟಿ ಹಳೇ ಮಣ್ಣು. ಅದರೊಳಗೆ ಗರಿಕೆ ಬೇರು ಮೊಳದುದ್ದ ಇಳಿದಿತ್ತು. ನಂಬದಿದ್ರೆ ಬಿಡಿ... ಬೇರು ಮುಟ್ಟಿದ ಕೈ ಇದೇ.