ಕಡೇದು ಎನ್ನದೆ ಹೋದ ಕುಸಾಕಾ

ಹಿರಿಯರೇ, ಹಳೆಯ ತಂಡದ ಗೆಳೆಯರೇ, ಮೀನಿನ ಕಡುಬಿನ ಕಾರ್ಖಾನೆಯಲ್ಲಿ ಇವತ್ತು ಒಲೆ ಆರಿಸಿ ಬಂದಿರುವವರೇ — ನಿಮಗೆಲ್ಲ ತಲೆಬಾಗಿ ವಂದಿಸುತ್ತೇನೆ. ಶಿನೊಬು-ಸಾನ್, ಚಿಹಾರು, ಗಂಡನನ್ನು, ಅಪ್ಪನನ್ನು ಕಳೆದುಕೊಂಡ ನಿಮ್ಮಿಬ್ಬರ ದುಃಖದ ಮುಂದೆ ನಿಂತು ಮಾತಾಡಲು ನನಗೆ ಅಭ್ಯಾಸವಿಲ್ಲ. ತಪ್ಪಿದರೆ ಕ್ಷಮಿಸಿ.

ನನ್ನ ಹೆಸರು ಓಬಾತಾ. ಕುಸಾಕಾ ಮಾಸಾಯೋಶಿ ಬೇಸ್‌ಬಾಲ್ ಆಡಿದಷ್ಟು ಕಾಲವೂ ಅವನ ಚೆಂಡು ಹಿಡಿದವನು ನಾನು. ಮೈದಾನದಲ್ಲಿ ಅಲ್ಲ. ಮೈದಾನದಲ್ಲಿ ಹಿಡಿಯುವ ಕ್ಯಾಚರ್‌ನ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ನಾನು ಒಳಗಿನವನು. ಗ್ಯಾಲರಿಯ ಕೆಳಗೆ ಕಿಟಕಿಯಿಲ್ಲದ ಉದ್ದನೆಯ ಕೋಣೆಯೊಂದಿದೆ, ಬುಲ್‌ಪೆನ್ ಅನ್ನುತ್ತೇವೆ. ಚೆಂಡು ಎಸೆಯುವ ಪಿಚರ್‌ಗಳು ಆಟಕ್ಕೆ ಇಳಿಯುವ ಮೊದಲು ಅಲ್ಲಿ ಎಸೆದೆಸೆದು ಕೈ ಬಿಸಿ ಮಾಡಿಕೊಳ್ಳುತ್ತಾರೆ. ಅವರೆದುರು ಕುಕ್ಕರಗಾಲಲ್ಲಿ ಕೂತು ಹಿಡಿಯುವುದು ನನ್ನ ಕೆಲಸವಾಗಿತ್ತು.

ಶಿನೊಬು-ಸಾನ್ ಫೋನ್ ಮಾಡಿ ಮಾತಾಡಲು ಕರೆದಾಗ, "ಹೊಗಳೋಕೆ ಬೇರೆಯವರಿದ್ದಾರೆ. ನೀವು ಇದ್ದದ್ದು ಹೇಳಿ" ಅಂದರು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಈ ಫೋಟೊದಲ್ಲಿ ನಗುತ್ತಿರುವ ಮನುಷ್ಯ ನನಗೆ ಮೋಸ ಮಾಡಿದ. ಒಂದು ಸಲವಲ್ಲ — ಎರಡು ಸಲ.

ಕಾರ್ಖಾನೆಯವರಿಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ಜೊತೆ ಮೀನು ಅರೆಯುತ್ತಿದ್ದ ಕುಸಾಕಾ ಎಂಥ ಪಿಚರ್ ಎಂದು. ಆಟ ಶುರು ಮಾಡಿದ ಪಿಚರ್ ದಣಿದಾಗ, ಎಸೆದ ಚೆಂಡಿಗೆಲ್ಲ ಏಟು ಬಿದ್ದಾಗ, ಬದಲಿಗೆ ಇಳಿಯುವವನು ಅವನು. ಅದರಲ್ಲೂ ಗೆಲ್ಲುವ ಆಟಕ್ಕೆ ಇಳಿಯುವವರು ಬೇರೆ. ಇವನನ್ನು ಇಳಿಸುತ್ತಿದ್ದದ್ದು ಸೋತ ಆಟಕ್ಕೆ — ಜನ ಎದ್ದು ರೈಲು ಹಿಡಿಯಲು ಹೊರಟ ಮೇಲೆ. ಸೋತ ಆಟವನ್ನೂ ಯಾರಾದರೂ ಎಸೆದು ಮುಗಿಸಬೇಕಲ್ಲ. "ಓಬಾತಾ-ಸಾನ್, ನಾನು ಊಟ ಆದ್ಮೇಲೆ ಪಾತ್ರೆ ತೊಳೆಯೋನು. ಊಟ ಹೇಗಿತ್ತು ಅಂತ ನನ್ನ ಕೇಳಬೇಡಿ" ಅನ್ನುತ್ತಿದ್ದ.

ಇನ್ನು ನನ್ನ ಕೆಲಸ. ಅದರಲ್ಲಿ ಅರ್ಧ ಚೆಂಡು ಹಿಡಿಯುವುದು, ಇನ್ನರ್ಧ ಸುಳ್ಳು ಹೇಳುವುದು. ಹಿಡಿಯುವಾಗ ಗ್ಲೌಸಿನಲ್ಲಿ ದೊಡ್ಡ ಸದ್ದು ಬರುವ ಹಾಗೆ ಹಿಡಿಯಬೇಕು. ಸದ್ದು ಬೇಕೆಂದರೆ ಅಂಗೈಯಲ್ಲೇ ಹಿಡಿಯಬೇಕು — ಈ ಬೆರಳು ನೋಡಿ, ಇವತ್ತಿಗೂ ಮಡಚುವುದಿಲ್ಲ. ಸದ್ದಾದ ಕೂಡಲೇ "ಒಳ್ಳೇ ಬಾಲ್" ಎಂದು ಕೂಗಬೇಕು. ಚೆಂಡಿನಲ್ಲಿ ಜೀವ ಇರಲಿ ಬಿಡಲಿ, ಕೂಗಬೇಕು. ಪಿಚರ್ ನಂಬಿಕೆಯಿಂದ ಮೈದಾನಕ್ಕೆ ಹೋಗಲಿ ಎಂದು.

ಇನ್ನೊಂದು ಪದ್ಧತಿಯೂ ಇದೆ. ಪಿಚರ್ ಕಡೆಯ ಎಸೆತಕ್ಕೆ ಮುಂಚೆ "ಕಡೇದು" ಎಂದು ಕ್ಯಾಚರ್‌ಗೆ ಹೇಳಬೇಕು. ಆ ಎಸೆತ ಕೆಟ್ಟರೆ "ಇನ್ನೊಂದು" ಎಂದು ಮತ್ತೆ ಎಸೆಯಬೇಕು. ಕೆಟ್ಟ ಚೆಂಡಿಗೆ ಮುಗಿಸಿ ಯಾರೂ ಆ ಕೋಣೆ ಬಿಡುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಕುಸಾಕಾ ಬಂದ ಹೊಸತು. ಒಂದು ಸಂಜೆ ಅವನನ್ನು ಇಳಿಸಿದರು, ಮೈದಾನದ ಮೂಲೆಮೂಲೆಗೂ ಹೊಡೆಸಿಕೊಂಡ. ಮರುದಿನ ಎಸೆಯುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ, ಚೆಂಡು ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಓಬಾತಾ-ಸಾನ್, ನಿನ್ನೆಯೂ ಒಳ್ಳೇ ಬಾಲ್ ಅಂದ್ರಿ."

"ಅಂದೆ."

"ಒಳ್ಳೇದಾಗಿತ್ತಾ?"

"ಸತ್ತಿತ್ತು."

"ಮತ್ತೆ?"

"ಅದಕ್ಕೇ ನನಗೆ ಸಂಬಳ ಕೊಡೋದು ಕಣಯ್ಯಾ."

ಅವನು ಸಿಟ್ಟಾಗಲಿಲ್ಲ. "ಸರಿ, ಕೂಗೋದು ಕೂಗಿ, ಕೋಚ್‌ಗೆ ಕೇಳಿಸಲಿ. ಆದರೆ ಚೆಂಡು ವಾಪಸ್ ಕೊಡ್ತೀರಲ್ಲ, ಆವಾಗ ನಿಜ ಹೇಳಿ. ಜೀವ ಇದ್ರೆ ನನ್ನ ಎದೆಗೆ ಎಸೀರಿ. ಸತ್ತಿದ್ರೆ ಮೊಣಕಾಲಿಗೆ."

"ಬೇಜಾರಾಗಲ್ವಾ ನಿನಗೆ?"

"ಆಗುತ್ತೆ. ಎಸೀರಿ."

ಅವತ್ತಿನಿಂದ ನಾವಿಬ್ಬರು ಹಾಗೇ ನಡೆದುಕೊಂಡೆವು. ಬಾಯಿ ಊರಿಗೆ, ಕೈ ಕುಸಾಕಾಗೆ. ಪಕ್ಕದಲ್ಲಿ ನಿಂತ ಕೋಚ್‌ಗೂ ಇದು ತಿಳಿದಿರಲಿಲ್ಲ. "ಓಬಾತಾಗೆ ವಯಸ್ಸಾಯ್ತು, ಗುರಿ ತಪ್ಪುತ್ತೆ" ಎಂದು ನಗುತ್ತಿದ್ದರು. ಕುಸಾಕಾ ಬಗ್ಗಿ ಮೊಣಕಾಲಿನ ಹತ್ತಿರ ಚೆಂಡು ಹಿಡಿದು, ತಲೆ ಆಡಿಸಿ, ಬೆರಳು ಬದಲಾಯಿಸಿ, ಮತ್ತೆ ಎಸೆಯುತ್ತಿದ್ದ. ಹೀಗೆ ಕಲಿತ ಅವನು. ಬರಬರುತ್ತ ಗೆಲ್ಲುವ ಆಟಗಳಿಗೂ ಅವನನ್ನು ಕರೆದರು. ಗೋಡೆಯ ಫೋನ್ ಬಾರಿಸಿ ಮ್ಯಾನೇಜರ್ ಅಜಿಕಿ-ಸಾನ್ "ಕುಸಾಕಾ ಹೇಗಿದ್ದಾನೆ?" ಎಂದು ಕೇಳುವುದು, ಕೋಚ್ ನನ್ನ ಮುಖ ನೋಡುವುದು, ನಾನು ಹೂಂ ಅನ್ನುವುದು — ಅಷ್ಟೇ. ಇನ್ನೊಬ್ಬ ಮನುಷ್ಯನಿಗೆ ಸುಳ್ಳಿಲ್ಲದ ಕೈ ಕೊಟ್ಟಿದ್ದೇನೆ, ಅವನೂ ನನಗೆ ಅದನ್ನೇ ಕೊಟ್ಟಿದ್ದಾನೆ ಎಂದು ನಂಬಿದ್ದೆ.

ಅವನ ಕಡೆಯ ವರ್ಷ. ಬೇಸಿಗೆಯಲ್ಲಿ ಅವನ ಚೆಂಡು ಚೆನ್ನಾಗಿತ್ತು. ನಾನು ಎದೆಗೇ ಎಸೆಯುತ್ತಿದ್ದೆ. ಫೋನ್ ಬಂತು, ನಾನು ಹೂಂ ಅಂದೆ, ಅವನು ಹೋದ. ಹೋದವನು ಕೆಲವೇ ಎಸೆತಕ್ಕೆ ಮೈದಾನದ ನಡುವೆ ಮೊಣಕೈ ಹಿಡಿದು ಕೂತುಬಿಟ್ಟ. ಒಳಗೆ ನರ ಹರಿದಿತ್ತು. ಬಹಳ ದಿನದಿಂದ ಹರಿಯುತ್ತಲೇ ಇತ್ತಂತೆ. ಬೇರೆ ಊರಿಗೆ ಹೋಗಿ ನೋವು ಕಾಣದ ಹಾಗೆ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದ. ನನಗೆ ಒಂದು ಮಾತು ಹೇಳಿರಲಿಲ್ಲ.

ಆಟ ಮುಗಿದ ಮೇಲೆ ಎಲ್ಲರೆದುರು ಅಜಿಕಿ-ಸಾನ್ ನನ್ನನ್ನು ಕೇಳಿದರು, "ದಿನಾ ಹಿಡಿಯೋನು ನೀನು. ಗೊತ್ತಿದ್ದೂ ಮುಚ್ಚಿಟ್ಟೆಯಾ, ಇಲ್ಲ ನಿನ್ನ ಕೈಗೆ ಕುರುಡು ಬಂತಾ?"

ಅಜಿಕಿ-ಸಾನ್, ನೀವು ಇಲ್ಲೇ ಕೂತಿದ್ದೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆ ಪ್ರಶ್ನೆ ಯಾರಾದರೂ ಕೇಳುವಂಥದ್ದೇ. ಆದರೆ ಅದಕ್ಕೆ ಉತ್ತರ ಗೊತ್ತಿದ್ದವನು ನನ್ನ ಪಕ್ಕದಲ್ಲೇ, ಮೊಣಕೈಗೆ ಮಂಜುಗಡ್ಡೆ ಕಟ್ಟಿಕೊಂಡು ಕೂತಿದ್ದ. "ಓಬಾತಾ-ಸಾನ್‌ಗೆ ಗೊತ್ತಿರಲಿಲ್ಲ" — ಇಷ್ಟು ಅನ್ನಬಹುದಿತ್ತು. ಅವನು ನೆಲ ನೋಡುತ್ತ ಕೂತ.

ಆ ವರ್ಷ ನನ್ನ ಕರಾರು ಮುಂದುವರಿಯಲಿಲ್ಲ. ನಾನು ಬ್ಯಾಟಿಂಗ್ ಅಭ್ಯಾಸದ ಅಂಗಡಿ ಸೇರಿದೆ. ಅಲ್ಲಿ ಚೆಂಡು ಎಸೆಯುವುದು ಯಂತ್ರ, ಅದನ್ನು ರಿಪೇರಿ ಮಾಡುವವನು ನಾನು. ಪ್ರತಿ ಹೊಸ ವರ್ಷಕ್ಕೆ ಕುಸಾಕಾ ಕಾರ್ಖಾನೆಯ ಕಡುಬಿನ ಡಬ್ಬಿ ತರುತ್ತಿದ್ದ. ಅದರ ಬಗ್ಗೆ ಮಾತಾಡುತ್ತಿದ್ದ, ಚಿಹಾರು ಓದಿನ ಬಗ್ಗೆ ಮಾತಾಡುತ್ತಿದ್ದ. ಆ ದಿನದ ಬಗ್ಗೆ ಇಲ್ಲ. ನಾನೂ ಕೇಳಲಿಲ್ಲ. ಕಡುಬು ಚೆನ್ನಾಗಿರುತ್ತಿತ್ತು. ತಿನ್ನುತ್ತಿದ್ದೆ.

ಎರಡನೆಯದು ಈ ವಸಂತದ್ದು.

ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಕೈಯಲ್ಲಿ ಡಬ್ಬಿ ಇರಲಿಲ್ಲ, ಹಳೆಯ ಗ್ಲೌಸ್ ಇತ್ತು. ಕೊರಳಪಟ್ಟಿ ಸಡಿಲವಾಗಿತ್ತು.

"ಏನಯ್ಯಾ, ಇಷ್ಟು ಇಳಿದುಹೋಗಿದ್ದೀಯ?"

"ನಿಮ್ಮ ಸೊಸೆ ಶಿನೊಬು ಅನ್ನಕ್ಕೆ ಕತ್ತರಿ ಹಾಕಿದ್ದಾಳೆ. ಹೊಟ್ಟೆ ಬಂದಿತ್ತಲ್ಲ."

"ನನ್ನ ಸೊಸೆ ಅಂತೆ. ಅವಳಿಗೆ ಕೇಳಿಸಿದರೆ ನಿನಗೆ ಇರೋ ಅನ್ನವೂ ಇಲ್ಲ."

ನಕ್ಕ. ಆಮೇಲೆ, "ಓಬಾತಾ-ಸಾನ್, ನಾಲ್ಕು ಬಾಲ್ ಹಿಡೀತೀರಾ?" ಅಂದ.

ಅಂಗಡಿಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವನು ಎಸೆದ. "ಒಳ್ಳೇ ಬಾಲ್" ಎಂದು ಕೂಗಿದೆ, ಹಳೆಯ ಅಭ್ಯಾಸ. ಮೊಣಕಾಲಿಗೆ ವಾಪಸ್ ಎಸೆದೆ. ಇನ್ನೊಂದು ಎಸೆದ. ಮೊಣಕಾಲಿಗೆ. ಮತ್ತೊಂದು. ಮೊಣಕಾಲಿಗೆ. ತಮಾಷೆಯೆಂದೇ ಎಸೆದೆ ನಾನು — ವಯಸ್ಸಾದ ಪಿಚರ್, ಹಾಳಾದ ಮೊಣಕೈ, ಇನ್ನೆಲ್ಲಿಂದ ಬರಬೇಕು ಜೀವ? ಅವನು ಪ್ರತಿ ಸಲವೂ ನಿಧಾನವಾಗಿ ಬಗ್ಗಿ ಹಿಡಿದ. ಆಮೇಲೆ ನಡೆದು ಬಂದು ಚೆಂಡನ್ನು ನನ್ನ ಗ್ಲೌಸಿನೊಳಗೆ ಇಟ್ಟ.

"ನೀವು ಬದಲಾಗಲೇ ಇಲ್ಲ. ಬರ್ತೀನಿ, ಮುಂದಿನ ವಾರ ಸಿಗೋಣ" ಅಂದ. ಕಡೇದು ಅನ್ನಲಿಲ್ಲ.

ಮೊನ್ನೆ ಶಿನೊಬು-ಸಾನ್ ನನಗೆ ಉಳಿದದ್ದನ್ನು ಹೇಳಿದರು. ಇಲ್ಲಿ ಹೇಳಲೇ ಎಂದು ಕೇಳಿದೆ. ಹೇಳಿ, ಅಂದರು. ಕಾಯಿಲೆ ಚಳಿಗಾಲದಲ್ಲೇ ಗೊತ್ತಾಗಿತ್ತು. ಇನ್ನೊಂದು ಸುತ್ತು ಚಿಕಿತ್ಸೆ ಮಾಡಬಹುದು, ಸಂಕಟ ಹೆಚ್ಚು, ಫಲ ಸಿಕ್ಕರೂ ಸಿಗಬಹುದು, ನೀವೇ ನಿರ್ಧರಿಸಿ ಎಂದಿದ್ದರಂತೆ ವೈದ್ಯರು. ಆ ಮಧ್ಯಾಹ್ನ ಮನೆಗೆ ಹೋದವನು ಬಾಗಿಲಲ್ಲಿ ಬೂಟು ಬಿಚ್ಚುತ್ತ ಹೆಂಡತಿಗೆ ಹೇಳಿದನಂತೆ, "ಓಬಾತಾ-ಸಾನ್ ಎಲ್ಲಾನೂ ಮೊಣಕಾಲಿಗೇ ಎಸೆದ್ರು. ಇನ್ನು ಆಸ್ಪತ್ರೆ ಸಾಕು."

— ಕ್ಷಮಿಸಿ, ಇನ್ನು ಅವನ ಕಡೆ ತಿರುಗಿ ಮಾತಾಡುತ್ತೇನೆ.

ಕುಸಾಕಾ, ನಿನ್ನ ಫೋಟೊ ನೋಡಿ ಕೇಳುತ್ತಿದ್ದೇನೆ. ನೀನು ಕೇಳಿದ ಪ್ರಶ್ನೆ ಏನೆಂದು ನನಗೆ ಹೇಳದೆ, ನನ್ನ ಕೈಯಿಂದ ಉತ್ತರ ಹೇಳಿಸಿಕೊಂಡು ಹೋದೆಯಲ್ಲ, ಇದಕ್ಕೆ ಏನನ್ನಬೇಕು? ಅವತ್ತು ಮೊಣಕೈ ಮುಚ್ಚಿಟ್ಟು, ಚೆಂಡಿಗೆ ಜೀವ ಇದೆ ಎಂದು ನನ್ನಿಂದ ಹೇಳಿಸಿದೆ. ಈ ಸಲ ಕಾಯಿಲೆ ಮುಚ್ಚಿಟ್ಟು, ಸತ್ತಿದೆ ಎಂದು ಹೇಳಿಸಿದೆ. ನಾನು ಚೆಂಡಿನ ಬಗ್ಗೆ ಹೇಳಿದ್ದು ಕಣಯ್ಯಾ. ಚೆಂಡಿನ ಬಗ್ಗೆ ಮಾತ್ರ.

ನಿನ್ನ ಕಾಯಿಲೆ ಗೊತ್ತಿದ್ದರೆ ಎದೆಗೆ ಎಸೆಯುತ್ತಿದ್ದೆನೇ? ಎಸೆಯುತ್ತಿದ್ದೆ. ಎಲ್ಲವನ್ನೂ ಎದೆಗೇ. ಬದುಕೆಲ್ಲ ಸಂಬಳಕ್ಕೆ ಸುಳ್ಳು ಹೇಳಿದವನು ನಾನು. ಮನಸ್ಸಿಟ್ಟು ಹೇಳಬಹುದಾಗಿದ್ದ ಒಂದೇ ಸುಳ್ಳನ್ನು ನೀನು ಹೇಳಗೊಡಲಿಲ್ಲ. ನಿನಗದು ಗೊತ್ತಿತ್ತು. ಅದಕ್ಕೇ ಹೇಳದೆ ಬಂದೆ.

ಚಿಹಾರು, ನಿನ್ನ ಅಪ್ಪ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಸೋತ ಆಟದಲ್ಲೂ ಒಂದು ಚೆಂಡನ್ನೂ ಅವನು ಸುಮ್ಮನೆ ಎಸೆದವನಲ್ಲ. ಇದಕ್ಕೆ ನನ್ನ ಬೆರಳು ಸಾಕ್ಷಿ. ಆದರೆ ಅವನ ಕಡೆಯ ಚೆಂಡನ್ನು ಒಳ್ಳೇ ಬಾಲ್ ಎಂದು ಈ ಸಭೆಯಲ್ಲಿ ನಾನು ಕೂಗಲಾರೆ. ಅದು ಕೆಟ್ಟ ಚೆಂಡು. ಹಾಗೆ ಹೇಳಬೇಕೆಂದೇ ಅವನು ನನ್ನನ್ನು ಕೇಳಿಕೊಂಡಿದ್ದ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಟೋಪಿ ತೆಗೆಯಿರಿ. ಒಂದು ನಿಮಿಷ ಮೌನವಾಗಿ ಅವನನ್ನು ನೆನೆಯೋಣ. ನಾನು ಮಾತ್ರ ನಿಲ್ಲುವುದಿಲ್ಲ, ತಪ್ಪು ತಿಳಿಯಬೇಡಿ. ಮಂಡಿ ಹೋಗಿದೆ, ಆದರೂ ಅವನ ಎದುರು ಕೂರುತ್ತಿದ್ದ ಹಾಗೇ ಕುಕ್ಕರಗಾಲಲ್ಲಿ ಕೂರುತ್ತೇನೆ. ಕೆಟ್ಟ ಚೆಂಡಿಗೆ ಮುಗಿಸಿ ಯಾರೂ ಹೋಗುವ ಹಾಗಿಲ್ಲ.

ಕುಸಾಕಾ — ಇನ್ನೊಂದು.